ಅಮ್ಮನ ಮೊಣಕಾಲು ಮತ್ತು ನಾಲ್ಕು ರೂಮು: ಬದಿಯಡ್ಕದಿಂದ ಗುರುವಾಯೂರಿಗೆ

ಕ್ರಿಸ್ಮಸ್ ರಜೆಯಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಗುರುವಾಯೂರಿಗೆ ಕಾರಲ್ಲಿ ಹೋಗಿ ಬಂದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ 72 ವರ್ಷದ ಅಮ್ಮ. ಅಮ್ಮನಿಗೆ ಎರಡೂ ಮೊಣಕಾಲು ನೋವು. ಬೆಳಗ್ಗೆ ಹೊರಟರೆ ಸಂಜೆಗೆ ಮುಟ್ಟುವ ದಾರಿಯೇ ಅದು, ಆದರೆ ಅವರನ್ನು ಅಷ್ಟು ಹೊತ್ತು ಕಾರಲ್ಲಿ ಕೂರಿಸುವ ಹಾಗಿಲ್ಲ, ಹೈವೇ ಕೆಲಸ ಬೇರೆ ಅಲ್ಲಲ್ಲಿ ನಡೆಯುತ್ತಲೇ ಇದೆ. ಕರ್ನಾಟಕ ಗಡಿಯ ತಲಪಾಡಿಯಿಂದ ಚೆಂಗಳದ ತನಕ ಆರು ಪಥ ಆಗಿದೆ ನಿಜ, ಆದರೆ ನಾವು ಚೆರ್ಕಳಕ್ಕೆ ಬಂದು ಹೈವೇ ಹತ್ತುವುದೇ ಅದು ಮುಗಿಯುವ ಹತ್ತಿರ! ಹಾಗಾಗಿ ನಿಂತು ನಿಂತು ಹೋದೆವು. ನಾಲ್ಕು ರಾತ್ರಿ, ನಾಲ್ಕು ಬಗೆಯ ರೂಮು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಸರಕಾರಿ ರೆಸ್ಟ್ ಹೌಸ್ ಮತ್ತು ಹೈವೇ ಲಾಡ್ಜ್, ಯಾಕೆಂದರೆ ಹೆಚ್ಚಿನವರಿಗೆ ಗೊಂದಲ ಆಗುವುದು ಇವೆರಡರ ನಡುವೆಯೇ.

ಕೇರಳದ ಪಿಡಬ್ಲ್ಯುಡಿ (ಲೋಕೋಪಯೋಗಿ ಇಲಾಖೆ) ರೆಸ್ಟ್ ಹೌಸ್‌ಗಳನ್ನು 2021ರ ನವೆಂಬರಿನಿಂದ ನಾವು ನೀವು ಆನ್‌ಲೈನಲ್ಲೇ ಬುಕ್ ಮಾಡಬಹುದು. ನಮ್ಮ ಕಡೆ ತುಂಬಾ ಜನರಿಗೆ ಇದು ಇನ್ನೂ ಗೊತ್ತಿಲ್ಲ, ಅದೆಲ್ಲ ಆಫೀಸರುಗಳಿಗೆ ಮಾತ್ರ ಅಂದುಕೊಂಡಿದ್ದಾರೆ. ನಾವು ಕಣ್ಣೂರು ಜಿಲ್ಲೆಯ ಒಂದು ಊರಲ್ಲಿ ಎರಡು ರೂಮು ತೆಗೆದುಕೊಂಡೆವು, ಎಸಿ ಇಲ್ಲದ್ದು. ಹಳೇ ಕಟ್ಟಡ, ಎತ್ತರದ ಮಾಡು, ದೊಡ್ಡ ಕಿಟಕಿ. ಕಾರು ಜಗಲಿಯ ಎದುರಿಗೇ ನಿಂತಿತು, ಅಮ್ಮ ಇಳಿದು ಎರಡು ಮೆಟ್ಟಿಲು ಹತ್ತಿದರೆ ರೂಮು, ಬಾತ್‌ರೂಮೂ ರೂಮಿನ ಮಟ್ಟಕ್ಕೇ ಇತ್ತು. ಟಿವಿ ಇರಲಿಲ್ಲ, ಮಕ್ಕಳು ಸ್ವಲ್ಪ ಮುಖ ಊದಿಸಿದರು, ಆಮೇಲೆ ಅಂಗಳದಲ್ಲಿ ಆಡಿ ಸುಸ್ತಾಗಿ ಮಲಗಿದರು. ಊಟಕ್ಕೆ ಹೊರಗೆ ಹೋಗಬೇಕು. ನಾವು ಸಂಜೆ ಪರಶ್ಶಿನಿಕಡವು ಮುತ್ತಪ್ಪನ ದೇವಸ್ಥಾನದಲ್ಲಿ ಪ್ರಸಾದದ ಹೆಸರುಕಾಳು, ತೆಂಗಿನಕಾಯಿ ತುಂಡು, ಚಾ ಎಲ್ಲ ಆಗಿಯೇ ಬಂದದ್ದರಿಂದ ಅದು ಅಷ್ಟು ದೊಡ್ಡ ವಿಷಯ ಆಗಲಿಲ್ಲ.

ಎರಡನೇ ರಾತ್ರಿ ಕೋಝಿಕ್ಕೋಡು ದಾಟಿ ಹೈವೇ ಬದಿಯ ಒಂದು ಲಾಡ್ಜ್. ಆಪ್‌ನಲ್ಲಿ ನೋಡಿದ್ದು, ಫೋಟೋ ಚೆನ್ನಾಗಿತ್ತು, ಎಸಿ ಫ್ಯಾಮಿಲಿ ರೂಮು 2,400 ರೂಪಾಯಿ, ಎಕ್ಸ್‌ಟ್ರಾ ಬೆಡ್ಡಿಗೆ 500. ಹಿಂದಿನ ರಾತ್ರಿಯ ಎರಡೂ ರೂಮು ಸೇರಿ ಇದರ ಅರ್ಧವೂ ಆಗಿರಲಿಲ್ಲ. ಮೊದಲ ಕಷ್ಟ ರಸ್ತೆಯದ್ದೇ. ಲಾಡ್ಜ್ ಕಣ್ಣಿಗೆ ಕಾಣುತ್ತದೆ, ಆದರೆ ಇರುವುದು ರಸ್ತೆಯ ಆಚೆ ಬದಿ. ಆರು ಪಥದ ಹೈವೇಯಲ್ಲಿ ಮೊದಲಿನ ಹಾಗೆ ಎಲ್ಲಿ ಬೇಕಾದರೂ ತಿರುಗಿಸಲು ಆಗುವುದಿಲ್ಲ. ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಮುಂದಿನ ಅಂಡರ್‌ಪಾಸ್ ತನಕ ಹೋಗಿ ಸುತ್ತಿ ಬರಬೇಕು. ನಮಗೆ ಎರಡು ಸಲ ತಪ್ಪಿತು, ಕತ್ತಲೆ ಬೇರೆ.

ರೂಮು ಮೂರನೇ ಮಾಳಿಗೆಯಲ್ಲಿ. ಲಿಫ್ಟ್ ಇದೆ, ಆದರೆ ಅದಕ್ಕೆ ಹೋಗಲು ಏಳು ಮೆಟ್ಟಿಲು ಹತ್ತಬೇಕು. ಬಾತ್‌ರೂಮಿನ ನೆಲ ರೂಮಿಗಿಂತ ಒಂದು ಗೇಣು ಕೆಳಗೆ, ಮೇಲೆ ನುಣ್ಣನೆಯ ಟೈಲ್ಸು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ನೋಡುತ್ತೇನೆ, ಅಮ್ಮ ಬಾಗಿಲ ದಾರಂದವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಇಳಿಸಲು ಧೈರ್ಯ ಸಾಲದೆ ಹಾಗೇ ನಿಂತಿದ್ದಾರೆ. ನಮ್ಮನ್ನು ಎಬ್ಬಿಸುವುದು ಬೇಡ ಅಂತ ಸುಮ್ನೆ ನಿಂತದ್ದಂತೆ. ಆ ಮೇಲೆ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಬಿಲ್ಲಲ್ಲಿ ಜಿಎಸ್‌ಟಿ 12 ಶೇಕಡಾ ಹಾಕಿದ್ದರು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿ ವರೆಗಿನ ರೂಮಿಗೆ 5 ಶೇಕಡಾ ಮಾತ್ರ. ಹೇಳಿದ ಮೇಲೆ ತಿದ್ದಿಕೊಟ್ಟರು. ನೀವೂ ಬಿಲ್ಲು ನೋಡಿಯೇ ಹಣ ಕೊಡಿ.

ಗುರುವಾಯೂರಿನದ್ದು ಬೇರೆಯೇ ಲೆಕ್ಕ. ದೇವಸ್ವಂನವರದ್ದೇ (ದೇವಸ್ಥಾನದ ಆಡಳಿತದವರು) ಪಾಂಚಜನ್ಯಂ, ಕೌಸ್ತುಭಂ ಅಂತ ರೆಸ್ಟ್ ಹೌಸುಗಳಿವೆ, ಆದರೆ ಅಯ್ಯಪ್ಪ ಭಕ್ತರ ಸೀಸನ್, ನಾವು ನೋಡಿದ್ದೂ ತಡವಾಗಿ. ಕಿಳಕ್ಕೇ ನಡೆಯ (ದೇವಸ್ಥಾನದ ಮೂಡು ಬಾಗಿಲು) ಹತ್ತಿರ ಒಂದು ಸಾಧಾರಣ ಲಾಡ್ಜ್ ಸಿಕ್ಕಿತು, 1,800 ರೂಪಾಯಿ. ರೂಮು ಚಿಕ್ಕದು, ಐದು ಜನ ಮಲಗಿದರೆ ಕಾಲಿಡಲು ಜಾಗ ಇಲ್ಲ, ಗೋಡೆಯ ಬಣ್ಣ ಎದ್ದಿತ್ತು. ಆದರೂ ನನಗೆ ಬೇಸರ ಆಗಲಿಲ್ಲ. ದಿನದ ಮೊದಲ ದರ್ಶನವಾದ ನಿರ್ಮಾಲ್ಯಕ್ಕೆ ನಡೆ ತೆರೆಯುವುದು ಬೆಳಗಿನ ಜಾವ ಮೂರಕ್ಕೆ. ಅಲ್ಲಿನವರಿಗೆ ಅದು ಗೊತ್ತು, ಎರಡು ಗಂಟೆಗೇ ನಲ್ಲಿಯಲ್ಲಿ ಬಿಸಿನೀರು. ಹೈವೇ ಲಾಡ್ಜಲ್ಲಿ ಆರರ ಮೊದಲು ಬಿಸಿನೀರಿಲ್ಲ ಅಂದಿದ್ದರು. ಅಮ್ಮ ಮಿಂದು, ಸೀರೆ ಉಟ್ಟು, ನನ್ನ ಕೈ ಹಿಡಿದು ನಿಧಾನಕ್ಕೆ ನಡೆದೇ ಹೋದರು. ದರ್ಶನ ಆಗಿ ಬರುವಾಗ ಅವರ ಮುಖ ನೋಡಬೇಕಿತ್ತು.

ಬರುವಾಗ ಮುಝಪ್ಪಿಲಂಗಾಡ್ ಬೀಚಿನ ಹತ್ತಿರ ಹೋಮ್‌ಸ್ಟೇ. 2024ರ ಮಾರ್ಚಿನಲ್ಲಿ ತಲಶ್ಶೇರಿ–ಮಾಹಿ ಬೈಪಾಸ್ ಆದ ಮೇಲೆ ಊರೊಳಗಿನ ಬ್ಲಾಕು ತಪ್ಪಿದೆ, ಅದು ಮುಗಿಯುವುದೂ ಮುಝಪ್ಪಿಲಂಗಾಡಿನಲ್ಲೇ. ಬೀಚಿನ ಮರಳ ಮೇಲೆ ಸುಮಾರು ನಾಲ್ಕು ಕಿಲೋಮೀಟರ್ ಕಾರು ಓಡಿಸಬಹುದು, ಮಕ್ಕಳಿಗೆ ಬೇರೆ ಏನೂ ಬೇಡವಾಯಿತು. ಎರಡು ರೂಮಿಗೆ 3,000, ಬೆಳಗಿನ ತಿಂಡಿ ಸೇರಿ. ಜಿಎಸ್‌ಟಿ ಬಿಟ್ಟು ಬರೀ ಬಾಡಿಗೆ ನೋಡಿದರೆ ನಾಲ್ಕರಲ್ಲಿ ಇದೇ ಜಾಸ್ತಿ. ಆದರೆ ರಾತ್ರಿ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಅಮ್ಮನಿಗೆ ಅಂತ ಬೇರೆಯೇ ಗಂಜಿ, ಹೆಸರು ಪಲ್ಯ ಮಾಡಿಕೊಟ್ಟರು, ಕೇಳದೆಯೇ ಬಾತ್‌ರೂಮಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಅಮ್ಮನಿಗೆ ಮಲಯಾಳ ಸರಿಯಾಗಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತು ಹತ್ತು ಗಂಟೆ ತನಕ ಮಾತಾಡಿದರು. ಬೆಳಗ್ಗೆ ಅಮ್ಮ ಮೆಲ್ಲ ನನ್ನ ಹತ್ತಿರ, "ಇನ್ನೊಂದು ದಿನ ನಿಂತರೆ ಆಗುದಿಲ್ವಾ ಮಗಾ?" ಅಂದರು. ಮರುದಿನ ನನಗೆ ಡ್ಯೂಟಿ, ಆಗಲಿಲ್ಲ.

ಹಣಕ್ಕೆ ತಕ್ಕ ಸುಖ ಅಂತ ನೋಡಿದರೆ ರೆಸ್ಟ್ ಹೌಸೇ ಮೊದಲು, ಅದರ ಹತ್ತಿರಕ್ಕೂ ಬೇರೆ ಯಾವುದೂ ಬರುವುದಿಲ್ಲ. ಖರ್ಚು ಸ್ವಲ್ಪ ಜಾಸ್ತಿ ಆದರೂ ಅಡ್ಡಿಯಿಲ್ಲ ಅನ್ನುವವರಿಗೆ ಹೋಮ್‌ಸ್ಟೇ. ಗುರುವಾಯೂರಲ್ಲಿ ರೂಮಿನ ಚಂದ ನೋಡಬೇಡಿ, ನಡೆಗೆ ಎಷ್ಟು ಹತ್ತಿರ ಅಂತ ಮಾತ್ರ ನೋಡಿ. ಎಲ್ಲಿ ಬುಕ್ ಮಾಡುವುದಾದರೂ ಮೊದಲು ಫೋನ್ ಮಾಡಿ ಕೇಳಿ: ಬಾತ್‌ರೂಮಿಗೆ ಎಷ್ಟು ಇಳಿಯಬೇಕು, ಲಿಫ್ಟಿನ ಮೊದಲು ಮೆಟ್ಟಿಲು ಇದೆಯಾ, ಯುರೋಪಿಯನ್ ಕಕ್ಕಸು ಇದೆಯಾ, ಬಿಸಿನೀರು ಎಷ್ಟು ಗಂಟೆಗೆ, ರಸ್ತೆಯ ಯಾವ ಬದಿ. ಇದನ್ನೆಲ್ಲ ಆಪ್‌ನ ಫೋಟೋದಲ್ಲಿ ತೋರಿಸುವುದಿಲ್ಲ.

ಮುಂದಿನ ಸಲ ಹೈವೇ ಲಾಡ್ಜಿನ ರಾತ್ರಿಯನ್ನೇ ಬಿಡುತ್ತೇವೆ. ರೆಸ್ಟ್ ಹೌಸಿನಿಂದ ಬೆಳಗ್ಗೆ ಆರಕ್ಕೆ ಹೊರಟು ಸೀದಾ ಗುರುವಾಯೂರು, ಆ ಉಳಿದ ಹಣಕ್ಕೆ ಬರುವಾಗ ಚೇಚಿಯ ಮನೆಯಲ್ಲಿ ಇನ್ನೊಂದು ರಾತ್ರಿ.