ಫಿನ್ಲೆಂಡಿನ ಬಾಣಂತಿ ಡಬ್ಬಿ ಕೊಪ್ಪಳದಾಗ: ನಾಕು ತಿಂಗ್ಳು ಬಳಸಿ ನೋಡಿದ್ಮ್ಯಾಲ

ಮೊದ್ಲ ಹೇಳಿಬಿಡ್ತೀನ್ರಿ, ಇದು ಅಂಗಡ್ಯಾಗ ಸಿಗೋ ಮಾಲಲ್ಲ, ಲಿಂಕ್ ಕೇಳಬ್ಯಾಡ್ರಿ. ನಮ್ಮಕ್ಕ ಫಿನ್ಲೆಂಡಿನ ಟಾಂಪೆರೆ ಊರಾಗ ಇರ್ತಾಳ, ಆಕಿ ಬಸುರಿದ್ದಾಗ ಅಲ್ಲಿ ಸರ್ಕಾರದ ಕೇಲಾ ಅನ್ನೋ ಸಂಸ್ಥೆಯವ್ರು ದೊಡ್ಡದೊಂದು ರಟ್ಟಿನ ಡಬ್ಬಿ ಕಳಿಸಿದ್ರು, ತುಂಬ ಕೂಸಿನ ಸಾಮಾನು. ಈಗ ಆಕಿ ಮಗಳಿಗೆ ಒಂದೂವರಿ ವರ್ಷ, ಬಟ್ಟಿ ಎಲ್ಲಾ ಸಣ್ಣವಾದ್ವು, ಜನವರ್ಯಾಗ ನನ್ನ ಹೆರಿಗಿಗೆ ಬಂದಾಗ ಅಷ್ಟೂ ಕಟ್ಕೊಂಡು ಬಂದ್ಳು, ಖಾಲಿ ಡಬ್ಬೀನೂ ಮಡಚಿ ತಂದಾಳ ನೋಡ್ರಿ.

ಬಟ್ಟಿ ಫಸ್ಟ್ ಕ್ಲಾಸ್. ಎರಡನೇ ಕೂಸು ಹಾಕೋದು ಇದು, ನಮ್ಮವ್ವ ಕಲ್ಲಿಗೆ ಬಡದು ಒಗದ್ರೂ ಬಣ್ಣ ಹೋಗಿಲ್ಲ. ಕಾಲ ಸಂದ್ಯಾಗ ಟಿಚ್ ಬಟನ್, ರಾತ್ರಿ ಎರಡಕ್ಕ ಎದ್ದು ಹಸಿ ಬಟ್ಟಿ ಬದಲಸೋರಿಗೆ ಅದರ ಬೆಲಿ ಗೊತ್ತು. ಸೈಜು ತಿಂಗಳ ಲೆಕ್ಕ ಅಲ್ಲ, ಕೂಸಿನ ಉದ್ದದ ಸೆಂಟಿಮೀಟರ್ ಲೆಕ್ಕ. ಹುಡುಗಿಗೆ ಗುಲಾಬಿ ಹುಡುಗಗ ನೀಲಿ ಅನ್ನೋ ಗೋಜಿಲ್ಲ. ಡಿಸೈನ್ ಬದಲಾಗ್ತಾ ಇರ್ತೈತಿ, ಅದಕ್ಕ ಅಲ್ಲಿ ಪಾರ್ಕಿನಾಗ ಅಂಗಿ ನೋಡೇ ಯಾವ ವರ್ಷದ ಕೂಸು ಅಂತ ಹೇಳ್ತಾರಂತ.

ಇನ್ನ ಹಿಮದಾಗ ಹಾಕೋ ಸೂಟು. ನೋಡಿದ್ರನ ಬೆವರು ಬರ್ತೈತಿ, ಕೊಪ್ಪಳದ ಏಪ್ರಿಲ್‌ಗೆ ಅದು ಸಾವಿರಕ್ಕೂ ಬೇಕಾಗಿಲ್ಲ, ಆದ್ರ ಸ್ಟಾರ್ ಕಟ್ ಮಾಡಂಗಿಲ್ಲ, ಅದು ಅವ್ರ ಊರಿನ ಚಳಿಗೆ ಮಾಡಿದ್ದು. ಉಗುರು ಕತ್ತರಿ ಸಣ್ಣದು, ಚಲೋ ಐತಿ. ಫೀಡಿಂಗ್ ಬಾಟಲಿ ಇಲ್ಲ, ಮೊದ್ಲ ಇಡ್ತಿದ್ರಂತ, ಎದಿಹಾಲ ಕುಡಿಸ್ಲಿ ಅಂತ ತಗದಾರ. ಕಾಂಡೋಮ್ ಪಾಕೀಟೂ ಇತ್ರಿ! ನಮ್ಮವ್ವ "ಇದೇನ ಕೂಸಿಗೆ ಬಲೂನೇನ" ಅಂದ್ಳು, ಅಕ್ಕ ಕಸಗೊಂಡು ಪರ್ಸಿನಾಗ ಹಾಕೊಂಡ್ಳು.

ಡಬ್ಬ್ಯಾಗ ಗಟ್ಟಿ ಹಾಸಿಗಿ ಹಾಕಿದ್ರ ಅದ ಕೂಸಿನ ಮಂಚ. ದೊಡ್ಡವ್ರ ನಡುವ ಮಲಗಸೋಕಿಂತ ಇದು ಛಲೋ ಅಂತಾರ, ಖರೇ. ಆದ್ರ ನಾಕೂ ಕಡಿ ರಟ್ಟು, ಕರೆಂಟ್ ಹೋತಂದ್ರ ಗಾಳಿ ಆಡಂಗಿಲ್ಲ, ಎರಡನೇ ವಾರಕ್ಕ ಇರುವಿ ಹತ್ತಿದ್ವು. ಅಜ್ಜಿ "ಕೂಸಿನ್ನ ಪಾರ್ಸಲ್ ಮಾಡೀರೇನ" ಅಂತ ಬೈದು ಕಿನ್ನಾಳದ ಬಣ್ಣದ ತೊಟ್ಲಾಗ ಹಾಕಿದ್ಳು. ಈ ವಿಷ್ಯದಾಗ ತೊಟ್ಲಿಗೆ ನನ್ನ ಓಟು.

ಆದ್ರ ನನಗ ತಲ್ಯಾಗ ಕುಂತಿದ್ದು ಸಾಮಾನಲ್ಲ, ಅದನ್ನ ಕೊಡೋ ಕರಾರು. ನಾಕನೇ ತಿಂಗ್ಳು ಮುಗಿಯೋದ್ರಾಗ ಡಾಕ್ಟರ್ ಹತ್ರನೋ ನೆವೊಲಾ ಅನ್ನೋ ತಾಯಿ-ಮಗು ಕ್ಲಿನಿಕ್‌ನ್ಯಾಗನೋ ತಪಾಸಣಿ ಆಗಿರಬೇಕು, ಇಲ್ಲಂದ್ರ ಡಬ್ಬಿ ಇಲ್ಲ. 1938ರಾಗ ಬಡವ್ರಿಗೆ ಅಂತ ಶುರು ಮಾಡಿದ್ರು, ಆಗ ಫಿನ್ಲೆಂಡೇ ಬಡದೇಶ, ಸಾವಿರ ಕೂಸಿನಾಗ 65ರಷ್ಟು ವರ್ಷ ತುಂಬೋದ್ರಾಗ ಸಾಯ್ತಿದ್ವು. 1949ರಿಂದ ಶ್ರೀಮಂತ್ರು ಬಡವ್ರು ಅನ್ನದ ಎಲ್ಲಾರಿಗೂ. ಈಗ ಸಾಯೋದು ಸಾವಿರಕ್ಕ ಎರಡರಷ್ಟು. ಡಬ್ಬಿ ಒಂದರಿಂದ ಆಗಿದ್ದಲ್ಲ ಬಿಡ್ರಿ, ಲಸಿಕಿ, ನರ್ಸು, ಊರೂರಿಗೆ ಕ್ಲಿನಿಕ್ಕು ಎಲ್ಲಾ ಸೇರಿದ್ದು, ಆದ್ರ ಹೆಣ್ಮಕ್ಕಳನ್ನ ಆ ಬಾಗಿಲತನಕ ಕರಕೊಂಡು ಬಂದಿದ್ದು ಇದ. ಡಬ್ಬಿ ಬ್ಯಾಡಂದ್ರ 170 ಯೂರೋ ರೊಕ್ಕ, ಆದ್ರ ಮೊದಲ ಬಾಣಂತನದವ್ರು ಬಹಳಷ್ಟು ಮಂದಿ ಡಬ್ಬೀನ ಕೇಳ್ತಾರ. ಅವಳಿ ಹುಟ್ಟಿದ್ರ ಎರಡಲ್ಲ, ಮೂರು ಡಬ್ಬಿ!

ನಮ್ಮಲ್ಲೂ ಮಡಿಲು ಕಿಟ್ ಇತ್ತಲ್ರಿ, ಚಿಗವ್ವಗ ಸಿಕ್ಕಿತ್ತು, ಸೊಳ್ಳಿ ಪರದಿ ಸೋಪು ಎಲ್ಲಾ ಇದ್ವು, ನಮ್ಮೂರಿಗೆ ಹಿಮದ ಸೂಟಿಗಿಂತ ಆ ಪರದಿ ನೂರುಪಟ್ಟು ಮೇಲು. ಆದ್ರ ಅದು ಬಿಪಿಎಲ್ ಕಾರ್ಡ್ ಇದ್ದೋರಿಗೆ, ಅದೂ ಸರ್ಕಾರಿ ದವಾಖಾನ್ಯಾಗ ಹಡದ್ಮ್ಯಾಲ. ಹಡಿಯೋಕಿಂತ ಮೊದ್ಲ ಏನಾತು? ನನ್ನದ ಕೇಳ್ರಿ, ಮೂರು ತಿಂಗ್ಳು ತುಂಬೋತನಕ ಯಾರಿಗೂ ಹೇಳಬಾರ್ದು ದೃಷ್ಟಿ ಆಗ್ತೈತಿ ಅಂತ ಅತ್ತಿ ಅಂದ್ರು, ಆಮ್ಯಾಲ ಹಬ್ಬ, ಆಮ್ಯಾಲ ಗಂಡನ ಡ್ಯೂಟಿ, ತಾಯಿ ಕಾರ್ಡ್ ಮಾಡಿಸೋದ್ರಾಗ ಐದನೇ ತಿಂಗ್ಳು ನಡದಿತ್ತು, ರಕ್ತ ನೋಡಿದ್ರ ಎಂಟು. ಡಾಕ್ಟರಮ್ಮ ಬೈದಿದ್ದು ಇನ್ನೂ ಕಿವ್ಯಾಗ ಐತಿ. ಆವಾಗ ಒಂದು ಡಬ್ಬಿ ಆಸೆ ಇದ್ದಿದ್ರ ಅತ್ತೀನ ಕೈ ಹಿಡದು ಕರಕೊಂಡು ಹೋಗ್ತಿದ್ರೇನೋ!

ಬಟ್ಟಿಗೆ ಐದು ಸ್ಟಾರ್, ರಟ್ಟಿನ ಮಂಚಕ್ಕ ಎರಡು, ಕರಾರಿಗೆ ಹತ್ತು ಕೊಡಾಕ ಬರ್ತಿದ್ರ ಹತ್ತು. ಡಬ್ಬ್ಯಾಗ ಈಗ ಅವ್ವ ಕೌದಿ ತುಂಬಿಟ್ಟಾಳ. ಅಂಗಿ ಇನ್ನೂ ಗಟ್ಟಿ ಅದಾವು, ಬಾಜೂಮನಿ ಸೊಸಿಗೆ ಈಗ ಮೂರನೇ ತಿಂಗ್ಳಂತ, ಆಕಿಗೇ ಎತ್ತಿಟ್ಟೀನಿ. ಮೊದ್ಲ ತಾಯಿ ಕಾರ್ಡ್ ಮಾಡಿಸ್ಕೊಂಡು ಬಾ, ಆಮ್ಯಾಲ ಗಂಟು ಬಿಚ್ಚತೀನಿ ಅಂತ ಹೇಳಿ ಕಳಿಸೀನಿ.