ಟಪಾರಿಯಾ 1621-8 ಪಕ್ಕಡ: ವೈರಿಂಗಿಗೆ ಸೈ, ಸ್ಟೇ ವೈರಿಗೆ ಬೇಡ

ಬೆಳಗಾವಿಯ ಖಡೇಬಜಾರದಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಪಕ್ಕಡ ಕೊಡ್ರಿ’ ಅಂದರೆ ಬಹುತೇಕ ಕೌಂಟರ್ ಮೇಲೆ ಬರುವುದು ನಾಸಿಕದ ಟಪಾರಿಯಾ ಕಂಪನಿಯ 8 ಇಂಚಿನದು, ಮಾಡೆಲ್ 1621-8. ‘ಕಟಿಂಗ್ ಪ್ಲೇಯರ್’ ಅಂದರೂ ಅದೇ. ಮನೆ ವೈರಿಂಗು, ಮೋಟರ್ ಸ್ಟಾರ್ಟರು, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು, ಇಷ್ಟಕ್ಕೆ ಈ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯದನ್ನು ಹುಡುಕುತ್ತ ತಿರುಗುವ ಅಗತ್ಯವಿಲ್ಲ. 6 ಇಂಚಿನದು ಸ್ವಿಚ್ ಬೋರ್ಡಿನೊಳಗೆ ಸಲೀಸಾಗಿ ಆಡುತ್ತದೆ, ಆದರೆ ಹಿಡಿಕೆ ಗಿಡ್ಡ. ದಿನವಿಡೀ ತಂತಿ ಕತ್ತರಿಸಿದವರಿಗೆ ಸಂಜೆ ಅಂಗೈ ಮಾತಾಡುತ್ತದೆ.

ಇದರ ಬಾಯಲ್ಲಿ ನಾಲ್ಕು ಜಾಗ ಇವೆ. ತುದಿಯ ಚಪ್ಪಟೆ ಮೂತಿ ತಂತಿ ಹಿಡಿದು ತಿರುವಲಿಕ್ಕೆ. ಅದರ ಹಿಂದಿನ ಗುಂಡನೆಯ ಹಲ್ಲಿನ ಜಾಗ ಪೈಪು, ಗುಂಡು ಸರಳು ಹಿಡಿಯಲಿಕ್ಕೆ. ಅದರಿಂದ ನಟ್ ತಿರುವಿದರೆ ನಟ್ಟಿನ ಮೂಲೆ ಸವೆದು ಆಮೇಲೆ ಸ್ಪ್ಯಾನರೂ ಕೂರುವುದಿಲ್ಲ. ಅದರ ಹಿಂದೆ ಕಟರ್. ಕೊನೆಗೆ ಎರಡೂ ದವಡೆ ಕೂಡಿಸುವ ಕೀಲು, ಅಂದರೆ ರಿವಿಟ್‌ನ ಹೊರ ಅಂಚಿನಲ್ಲಿರುವ ಎರಡು ಕಚ್ಚು. ಈ ಕಚ್ಚು ಯಾಕಿದೆ ಅಂತ ಕೇಳಿದರೆ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಗಟ್ಟಿ ತಂತಿ ಕತ್ತರಿಸುವ ಜಾಗ ಅದು, ಯಾಕೆಂದರೆ ರಿವಿಟ್‌ಗೆ ಅಷ್ಟು ಹತ್ತಿರ ಬೇರೆ ಯಾವ ಅಲಗೂ ಇಲ್ಲ.

ಲೆಕ್ಕ ಸರಳ. ಅಂಗೈ ಒತ್ತುವ ಜಾಗ ರಿವಿಟ್‌ನಿಂದ 12 ಸೆಂ.ಮೀ. ದೂರ ಅಂತ ಇಟ್ಟುಕೊಳ್ಳಿ. ತಂತಿ ರಿವಿಟ್‌ನಿಂದ 2 ಸೆಂ.ಮೀ.ಯಲ್ಲಿದ್ದರೆ ನಿಮ್ಮ ಬಲ 6 ಪಟ್ಟಾಗುತ್ತದೆ, 1 ಸೆಂ.ಮೀ.ಗೆ ಒಳಗೆ ತಂದರೆ 12 ಪಟ್ಟು. ಅದೇ ಕೈ, ಅದೇ ತಂತಿ, ಅರ್ಧ ಶ್ರಮ. ಕಟರಿನ ತುದಿಯಲ್ಲಿ ತಂತಿ ಇಟ್ಟು ಎರಡೂ ಕೈಯಿಂದ ಒತ್ತಿ, ‘ಹರಿತ ಇಲ್ಲ ಬಿಡ್ರಿ’ ಅನ್ನುವವರು ಮೊದಲು ತಂತಿಯನ್ನು ಒಳಗೆ ಸರಿಸಿ ನೋಡಬೇಕು. ಅಮೆರಿಕದ ಲೈನ್‌ಮನ್‌ಗಳು ಬಳಸುವ ಚೌಕ ಮೂತಿಯ 9 ಇಂಚಿನ ಪ್ಲೈಯರ್‌ಗಳಲ್ಲಿ ರಿವಿಟ್ಟನ್ನೇ ಕಟರ್ ಹತ್ತಿರಕ್ಕೆ ತಂದಿರುವುದು ಇದೇ ಕಾರಣಕ್ಕೆ.

ಕೊಳ್ಳುವಾಗ ಪ್ಯಾಕೆಟ್ ಬಿಚ್ಚಿಸಿ ನೋಡಿ. ಅಂಗಡಿಯವರು ಗೊಣಗಿದರೂ ಚಿಂತೆಯಿಲ್ಲ, ಒಂದೇ ಮಾಡೆಲ್‌ನ ಎರಡು ಪಕ್ಕಡ ಒಂದೇ ಥರ ಇರುವುದಿಲ್ಲ. ಬಾಯಿ ಮುಚ್ಚಿ ಟ್ಯೂಬ್‌ಲೈಟಿಗೆ ಹಿಡಿಯಿರಿ: ಕಟರಿನ ಉದ್ದಕ್ಕೂ ಬೆಳಕು ಕಾಣಬಾರದು, ಮೂತಿಯ ತುದಿಯೂ ಕೂಡಿರಬೇಕು. ಒಂದು ಹಿಡಿಕೆ ಹಿಡಿದು ಇನ್ನೊಂದನ್ನು ಬಿಟ್ಟರೆ ಅದು ನಿಧಾನವಾಗಿ ಇಳಿಯಬೇಕು. ದಡಕ್ಕನೆ ಬಿದ್ದರೆ ರಿವಿಟ್ ಸಡಿಲ, ಅಲ್ಲಾಡದೆ ನಿಂತರೆ ಬಿಗಿ. ಬಿಗಿ ಇದ್ದದ್ದು ಎಣ್ಣೆ ಕುಡಿದು ಸರಿಹೋಗುತ್ತದೆ, ಸಡಿಲಾದದ್ದು ಸರಿಹೋಗುವುದಿಲ್ಲ. ಎರಡೂ ದವಡೆಯನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡಿ, ಟಕಟಕ ಅಂದರೆ ವಾಪಸ್ ಕೊಡಿ. ಕೊನೆಗೆ ಫ್ಲೆಕ್ಸಿಬಲ್ ವೈರಿನ ಒಂದೇ ಒಂದು ತಾಮ್ರದ ಎಳೆ ಕತ್ತರಿಸಿ. ಕೂದಲೆಳೆಯಂಥ ಆ ಎಳೆ ಮುರಿಯದೆ ಬಾಗಿ ಕಟರಿನ ನಡುವೆ ಸಿಕ್ಕಿಕೊಂಡರೆ ಅಲಗುಗಳು ಕೂಡಿಲ್ಲ ಅಂತಲೇ ಅರ್ಥ. ಪ್ಯಾಕೆಟ್ ಮೇಲಿನ ಹೆಸರನ್ನೂ ಅಕ್ಷರ ಅಕ್ಷರ ಓದಿ, ಒಂದಕ್ಷರ ಹೆಚ್ಚುಕಮ್ಮಿ ಮಾಡಿದ ನಕಲಿಗಳೂ ಇರುತ್ತವೆ.

ಇನ್ನು ಕೆಲಸ. 1.5 ಮತ್ತು 2.5 ಚ.ಮಿ.ಮೀ. ತಾಮ್ರದ ವೈರು, 4 ಚ.ಮಿ.ಮೀ. ಅಲ್ಯೂಮಿನಿಯಂ ಸರ್ವಿಸ್ ವೈರು ಬೆಣ್ಣೆಯಂತೆ ಕತ್ತರಿಸುತ್ತದೆ. ಆದರೆ ಇದೇ ಕಟರಿನಿಂದ ಸಿಪ್ಪೆ ಸುಲಿಯುವ ಚಟ ಒಳ್ಳೆಯದಲ್ಲ. ಅಲಗು ಒಳಗಿನ ಅಲ್ಯೂಮಿನಿಯಂಗೆ ಸುತ್ತಲೂ ಗೀರು ಹಾಕುತ್ತದೆ, ಟರ್ಮಿನಲ್‌ಗೆ ಬಾಗಿಸುವಾಗ ಆ ಗೀರಿನಲ್ಲೇ ತಂತಿ ಮುರಿಯುತ್ತದೆ. ಮುರಿಯದೆ ಅರ್ಧ ಉಳಿದದ್ದು ಇನ್ನೂ ಕೆಟ್ಟದ್ದು: ಲೋಡ್ ಬಿದ್ದಾಗ ಅಲ್ಲೇ ಕಾಯ್ದು ಕರಕಲಾಗುತ್ತದೆ.

ಲೈನಿನ ಮೇಲಿನ ಕೆಲಸದಲ್ಲಿ ಪಕ್ಕಡದ ಮಿತಿ ಬೇಗ ಕಾಣುತ್ತದೆ. ಕಂಬದಿಂದ ಕಂಬಕ್ಕೆ ಎಳೆಯುವ ‘ವೀಸಲ್’ ಎಂಬ ಕಂಡಕ್ಟರಿನಲ್ಲಿ 2.59 ಮಿ.ಮೀ.ನ 6 ಅಲ್ಯೂಮಿನಿಯಂ ಎಳೆ, ನಡುವೆ ಅಷ್ಟೇ ದಪ್ಪದ 1 ಉಕ್ಕಿನ ಎಳೆ. ಇಡೀ ಕಂಡಕ್ಟರನ್ನು ಬಾಯಿಗೆ ತುರುಕಿ ಒತ್ತಿದರೆ ಅಲ್ಯೂಮಿನಿಯಂ ಜಜ್ಜಿಹೋಗುತ್ತದೆ, ಉಕ್ಕು ಅಲಗಿಗೆ ಹೊಡೆತ ಕೊಡುತ್ತದೆ. ಮೊದಲು ಕತ್ತರಿಸುವ ಜಾಗದ ಎರಡೂ ಕಡೆ ಬೈಂಡಿಂಗ್ ವೈರು ಸುತ್ತಿ, ಎಳೆ ಬಿಚ್ಚದಂತೆ ಮಾಡಿ, ಹ್ಯಾಕ್ಸಾ ಹಾಕುವುದೇ ನೇರ ದಾರಿ. ಪಕ್ಕಡವೇ ಗತಿ ಅಂದರೆ ಅಲ್ಯೂಮಿನಿಯಂ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ, ಉಕ್ಕಿನ ಎಳೆಯನ್ನು ರಿವಿಟ್ ಪಕ್ಕದ ಕಚ್ಚಿಗೆ ಕೊಡಿ.

ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟುವ 7/3.15 (ಏಳು ಎಳೆಯ) ಸ್ಟೇ ವೈರಿಗಂತೂ ಇದನ್ನು ಹಚ್ಚಲೇಬೇಡಿ. 3.15 ಮಿ.ಮೀ.ನ ಒಂದೊಂದು ಎಳೆಯೂ ಗಡಸು ಉಕ್ಕು. ಒಂದೇ ಸಲಕ್ಕೆ ಕಟರಿನ ಮೇಲೆ ಅರ್ಧಚಂದ್ರದಂಥ ತಗ್ಗು ಬೀಳುತ್ತದೆ, ಆಮೇಲೆ ಸಣ್ಣ ತಂತಿ ಆ ತಗ್ಗಿನಲ್ಲಿ ಕೂತು ಕತ್ತರಿಸದೆ ಉಳಿಯುತ್ತದೆ. ಒತ್ತಿದರೂ ಬಗ್ಗಲಿಲ್ಲ ಅಂತ ಹಿಡಿಕೆ ಮೇಲೆ ಸುತ್ತಿಗೆಯಿಂದ ಹೊಡೆದರೆ ರಿವಿಟ್ಟೂ ಹೋಯಿತು, ಹಿಡಿಕೆಗೆ ಹಾಕಿದ ಪ್ಲಾಸ್ಟಿಕ್ ಸ್ಲೀವ್ ಸೀಳಿತು. ಬೋಲ್ಟ್ ಕಟರ್ ಒಂದನ್ನು ಜೀಪಿನಲ್ಲಿ ಇಟ್ಟುಕೊಂಡರೆ ಮೂರು ಪಕ್ಕಡ ಉಳಿಯುತ್ತವೆ.

ತಗ್ಗು ಬಿದ್ದ ಕಟರನ್ನು ಗ್ರೈಂಡರ್‌ಗೆ ಹಿಡಿದು ಹರಿತ ಮಾಡಿಸುವವರಿದ್ದಾರೆ. ಅಲಗು ನೀಲಿ ಬಣ್ಣಕ್ಕೆ ತಿರುಗಿತೋ, ಅದರ ಗಡಸು ಇಳಿಯಿತು. ಬಣ್ಣ ತಿರುಗದಂತೆ ನೀರು ಹಾಕುತ್ತ ಉಜ್ಜಿದರೂ ಇನ್ನೊಂದು ತೊಂದರೆ: ಕಟರಿನ ಲೋಹ ಸವೆದ ಮೇಲೆ ಮೂತಿಯೇ ಮೊದಲು ಕೂಡುತ್ತದೆ, ಕಟರ್‌ಗಳ ನಡುವೆ ಸಂದು ಉಳಿಯುತ್ತದೆ.

ಸ್ಲೀವ್ ಬಗ್ಗೆ ತಪ್ಪು ಕಲ್ಪನೆ ಬಹಳ. ದಪ್ಪ ಸ್ಲೀವ್ ಇದೆ ಅಂದಮಾತ್ರಕ್ಕೆ ಚಾಲೂ ಲೈನಿಗೆ ಪಕ್ಕಡ ಹಚ್ಚಬಹುದು ಅಂತಲ್ಲ. ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅಂತ ಅಚ್ಚಾಗಿರುವ, ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಸಲಕರಣೆ ಮಾತ್ರ ಆ ಭರವಸೆ ಕೊಡುತ್ತದೆ. ಅವನ್ನು 10,000 ವೋಲ್ಟ್‌ನಲ್ಲಿ ಪರೀಕ್ಷಿಸಿರುತ್ತಾರೆ. ಗುರುತು ಇಲ್ಲದ ಸ್ಲೀವ್ ಬರೀ ಹಿಡಿತಕ್ಕೆ. ಅದೂ ವಿಜಯಪುರದ ಮೇ ಬಿಸಿಲಿನಲ್ಲಿ ಬೆವರು ಹತ್ತಿದರೆ ಜಾರುತ್ತದೆ. ಸೀಳು, ತೂತು, ಎಣ್ಣೆ ಹೊಕ್ಕು ಸಡಿಲಾದ ಸ್ಲೀವ್ ಕಂಡರೆ ಇನ್ಸುಲೇಶನ್ ಟೇಪ್ ಸುತ್ತಿ ಮುಂದುವರಿಸಬೇಡಿ. ಗುರುತು ಇದ್ದದ್ದಕ್ಕೂ 1000 ವೋಲ್ಟೇ ಗಡಿ. 11 ಕೆ.ವಿ. ಲೈನು ಅದರ ಹನ್ನೊಂದು ಪಟ್ಟು. ಅಲ್ಲಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೊಡುವ ಅನುಮತಿ) ತಗೊಂಡು, ಜಿಓಎಸ್ (ಮೂರೂ ಫೇಸ್ ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್) ಎಳೆದು, ಡಿಸ್ಚಾರ್ಜ್ ರಾಡ್ ಹಾಕಿ ಅರ್ತ್ ಮಾಡಿದ ಮೇಲೆಯೇ ಪಕ್ಕಡ ಹೊರಬರಬೇಕು. ಹಳ್ಳಿಯಲ್ಲಿ ಯಾರದೋ ಜನರೇಟರ್‌ನಿಂದ ಉಲ್ಟಾ ಕರೆಂಟ್ ಬರುವ ಸಾಧ್ಯತೆ ಯಾವಾಗಲೂ ಇದೆ.

ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸಿದ ಪಕ್ಕಡ ಗುರುತಿಸುವುದು ಸುಲಭ: ಕಟರಿನಲ್ಲಿ ಕರಗಿದ ಗುಂಡನೆ ತೂತು, ಸುತ್ತ ಕಪ್ಪು ಮಸಿ. ಸಪ್ಲೈ ಆಫ್ ಇದೆ ಅಂತ ಟೆಸ್ಟರ್ ಹಿಡಿದು ನೋಡಿದ ಮೇಲೂ ಒಂದೊಂದೇ ತಂತಿ ಕತ್ತರಿಸಿ.

ಆರೈಕೆಗೆ ವಾರಕ್ಕೊಮ್ಮೆ ರಿವಿಟ್‌ಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಗ್ರೀಸ್ ಬೇಡ, ಎರಿ ಹೊಲದ ಧೂಳು ಅದಕ್ಕೆ ಅಂಟಿ ಮರಳು ಕಾಗದದಂತೆ ಉಜ್ಜುತ್ತದೆ. ಖಾನಾಪುರದ ಕಡೆ ಮಳೆಯಲ್ಲಿ ನೆನೆದರೆ ಅಂದೇ ಒರೆಸಿ, ಬಾಯಿ ತೆರೆದು ಒಣಗಿಸಿ ಇಡಿ. ಮುಚ್ಚಿಟ್ಟರೆ ಬೆಳಿಗ್ಗೆ ಜಂಗು ಹಿಡಿದು ತೆರೆಯಲಿಕ್ಕೇ ಇನ್ನೊಂದು ಪಕ್ಕಡ ಬೇಕಾಗುತ್ತದೆ.