ತಂಬೂರಿ ಎಲ್ಲಿ ಕೇಳುತ್ತದೆ? ಜಗಲಿ, ಚಂದ್ರಶಾಲೆ, ಸಭಾಭವನ

ಹಿಂದೂಸ್ತಾನಿ ಗಾಯನಕ್ಕೆ ಒಂದು ಜಾಗ ಒಗ್ಗುತ್ತದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಬಡಾ ಖ್ಯಾಲ್‌ನ (ನಿಧಾನ ಲಯದಲ್ಲಿ ರಾಗ ಬೆಳೆಸುವ ದೊಡ್ಡ ಭಾಗದ) ಮೊದಲ ಆಲಾಪ ಮುಗಿಸಿ ಗಾಯಕರು ಉಸಿರು ತೆಗೆದುಕೊಳ್ಳುತ್ತಾರಲ್ಲ, ಆ ಒಂದೆರಡು ಸೆಕೆಂಡಿನಲ್ಲಿ ನೀವು ಕೂತಲ್ಲಿಗೆ ತಂಬೂರಿಯ ನಾಲ್ಕನೇ ತಂತಿ ಕೇಳಬೇಕು. ಆ ಖರ್ಜದ (ಕೆಳಗಿನ ಷಡ್ಜದ) ತಂತಿ ಕಿವಿಗೆ ಬಿದ್ದರೆ ಉಳಿದ ಕೊರತೆಗಳನ್ನು ಸುಧಾರಿಸಿಕೊಳ್ಳಬಹುದು. ಬೀಳದಿದ್ದರೆ ಎಷ್ಟು ದೊಡ್ಡ ಹೆಸರಿನವರು ಹಾಡಿದರೂ ನಿಮಗೆ ಸಿಗುವುದು ಅರ್ಧ ಗಾಯನ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಿವಿ ಬೆಳೆದದ್ದು ಹುಬ್ಬಳ್ಳಿ–ಧಾರವಾಡದ ಗಾಯನ ಕೇಳಿ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಸವಾಯಿ ಗಂಧರ್ವರ ಶಿಷ್ಯರು. ಆ ಕಿರಾಣಾ ಘರಾಣೆಯ ದಾರಿಯಲ್ಲಿ ಒಂದೊಂದು ಸ್ವರವನ್ನೂ ತಂಬೂರಿಯ ನಾದಕ್ಕೆ ತಾಗಿಸಿಯೇ ಬೆಳೆಸುತ್ತಾರೆ. ವಿಲಂಬಿತ್ (ನಿಧಾನ ಲಯದ) ಏಕತಾಲದ 12 ಮಾತ್ರೆಗಳ ಒಂದು ಆವರ್ತನವೇ ಸುಮಾರು ಒಂದು ನಿಮಿಷ ಹಿಡಿಯುತ್ತದೆ; ಅಷ್ಟು ಹೊತ್ತು ನೆಲ ತೋರಿಸುವುದು ತಂಬೂರಿ ಮಾತ್ರ. ಮಾರವಾದಂತಹ ರಾಗದಲ್ಲಂತೂ ಪಂಚಮವೇ ಇಲ್ಲ, ಷಡ್ಜದ ಮೇಲೆ ನಿಲ್ಲುವುದನ್ನೂ ಆದಷ್ಟು ಮುಂದೂಡುತ್ತಾರೆ. ತಂಬೂರಿ ಕೇಳದಿದ್ದರೆ ಕಿವಿ ಬೇರೆ ಯಾವುದೋ ಸ್ವರವನ್ನು ಷಡ್ಜವೆಂದು ಹಿಡಿದುಬಿಡುತ್ತದೆ, ರಾಗವೇ ಕೈತಪ್ಪುತ್ತದೆ.

ನಲವತ್ತರಿಂದ ಮುನ್ನೂರು ಜನ ಸೇರುವ ಗಾಯನ ಇಲ್ಲಿ ಹೆಚ್ಚಾಗಿ ನಡೆಯುವುದು ಮೂರು ಬಗೆಯ ಜಾಗದಲ್ಲಿ: ಮನೆಯ ಜಗಲಿ, ದೇವಸ್ಥಾನದ ಚಂದ್ರಶಾಲೆ, ಪೇಟೆಯ ಸಭಾಭವನ. ಕಾರವಾರದ ಕಡೆ ಕಡಲತೀರದ ವೇದಿಕೆಯೂ ಉಂಟು, ಅದರ ಮಾತು ಕೊನೆಗೆ.

ಜಗಲಿಯಿಂದ ಶುರು ಮಾಡೋಣ. ಘಟ್ಟದ ಮೇಲಿನ ಹಳೆಯ ಮನೆಯ ಜಗಲಿ 30 ಅಡಿ ಉದ್ದ, 9 ಅಡಿ ಅಗಲ ಇದೆ ಎಂದುಕೊಳ್ಳಿ. ಗಾಯಕರು, ಪಕ್ಕವಾದ್ಯದವರು, ತಂಬೂರಿಯವರಿಗೆ 60 ಚದರ ಅಡಿ ಹೋದರೆ ಉಳಿದದ್ದರಲ್ಲಿ ಒತ್ತೊತ್ತಾಗಿ ನಲವತ್ತು ಜನ ಕೂರಬಹುದು. ಮೇಲೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಹಂಚು. ಕೆಳಗೆ ಚಾಪೆ, ಜಮಖಾನ. ಮರ ದನಿಯನ್ನು ಹಿತವಾಗಿ ಹಿಂದಿರುಗಿಸುತ್ತದೆ, ಜಮಖಾನ ಮತ್ತು ಕೂತ ಜನ ಹೆಚ್ಚಿನ ಮೊಳಗನ್ನು ಹೀರುತ್ತಾರೆ. ಹಿಂದಿನ ಗೋಡೆ ಗಾಯಕರಿಂದ ನಾಲ್ಕೈದು ಅಡಿ ದೂರದಲ್ಲಿದ್ದರೆ ಅಲ್ಲಿಂದ ಮರಳುವ ದನಿ ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲೇ ಬಂದು ಮೂಲ ದನಿಗೆ ಸೇರಿಕೊಳ್ಳುತ್ತದೆ. ಕಿವಿಗೆ ಅದು ಪ್ರತಿಧ್ವನಿಯಾಗಿ ಕೇಳುವುದಿಲ್ಲ, ದನಿ ದಪ್ಪವಾದಂತೆ ಕೇಳುತ್ತದೆ. ಮೈಕಿಲ್ಲದೆ ತಂಬೂರಿ ತುಂಬಿ ಬರುವುದು ಈ ಗೋಡೆಯಿಂದ. ಅಂದಕ್ಕೆಂದು ಗಾಯಕರ ಹಿಂದೆ ದಪ್ಪ ಪರದೆ ಇಳಿಬಿಡುವವರಿದ್ದಾರೆ. ಬೇಡ. ಬಟ್ಟೆ ಮೊದಲು ನುಂಗುವುದೇ ತಂಬೂರಿಯ ಜವಾರಿಯಿಂದ (ತಂತಿಯಡಿ ದಾರ ಕೂರಿಸಿ ತರುವ ಝೇಂಕಾರದಿಂದ) ಏಳುವ ಸೂಕ್ಷ್ಮ ನಾದವನ್ನು.

ಗಾಯಕರನ್ನು ಕೂರಿಸುವುದರಲ್ಲಿ ಎರಡು ಪದ್ಧತಿ ಇದೆ. ಜಗಲಿಯ ಒಂದು ತುದಿಯಲ್ಲಿ ಕೂರಿಸಿ ಉದ್ದಕ್ಕೆ ಕೇಳುಗರು ಕೂರುವುದು ಒಂದು. ನಡುವಿನ ಗೋಡೆಗೆ ಬೆನ್ನು ಕೊಟ್ಟು ಅಂಗಳದತ್ತ ಮುಖ ಮಾಡಿಸುವುದು ಇನ್ನೊಂದು. ಎರಡನೆಯದರಲ್ಲಿ ಅಂಗಳದ ಚಪ್ಪರದಲ್ಲಿ ಇನ್ನೂ ನೂರು ಜನ ಹಿಡಿಸುತ್ತಾರೆ, ಆದರೆ ಕೇಳ್ಮೆ ಹೋಗುತ್ತದೆ. ಬಯಲಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರಿನಲ್ಲಿ ಕೂತವರಿಗಿಂತ 16 ಮೀಟರಿನಲ್ಲಿ ಕೂತವರಿಗೆ 18 ಡೆಸಿಬೆಲ್ ಕಡಿಮೆ. ಅಷ್ಟು ದೂರದಲ್ಲಿ ಕತ್ತಲಾದ ಮೇಲೆ ತೋಟದ ಜೀರುಂಡೆಗಳೇ ತಂಬೂರಿಗಿಂತ ದೊಡ್ಡದಾಗಿ ಕೇಳುತ್ತವೆ. ನನ್ನ ಆಯ್ಕೆ ಎಂದಿಗೂ ಮೊದಲನೆಯ ಪದ್ಧತಿ, ನಲವತ್ತೇ ಜನ.

ಕೂರುವುದಾದರೆ ಎರಡನೇ ಅಥವಾ ಮೂರನೇ ಸಾಲು, ಗಾಯಕರಿಂದ ಎಂಟು ಹತ್ತು ಅಡಿ. ಹಾರ್ಮೋನಿಯಂ ಇರುವ ಬದಿ ಬಿಟ್ಟು ಕೂರಿ. ಮೈಕಿಲ್ಲದಲ್ಲಿ ಹಾರ್ಮೋನಿಯಂ ಎಲ್ಲಕ್ಕಿಂತ ಜೋರು, ಅದರ ರೀಡಿನ ಸ್ವರಗಳು ಒಮ್ಮೆ ಕೂರಿಸಿದಲ್ಲೇ ನಿಂತಿರುತ್ತವೆ. ಗಾಯಕರು ಗಾಂಧಾರವನ್ನು ತಂಬೂರಿಗೆ ಹೊಂದಿಸಿ ಕೂದಲೆಳೆಯಷ್ಟು ಇಳಿಸಿದಾಗ, ಹಾರ್ಮೋನಿಯಂ ಪಕ್ಕದಲ್ಲೇ ಕೂತವರಿಗೆ ಎರಡೂ ಗಾಂಧಾರ ಒಂದಕ್ಕೊಂದು ತಿಕ್ಕುವುದು ಕೇಳುತ್ತದೆ.

ಜಗಲಿಯ ದೊಡ್ಡ ತೊಡಕು ಹವೆ. ತಬಲಾದ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಸಂಜೆ ಆರಕ್ಕೆ ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಕೀಲಿಯ ಶ್ರುತಿಗೆ) ಕೂರಿಸಿದ ತಬಲಾ ಮಳೆಗಾಲದಲ್ಲಿ ಏಳೂವರೆಗೆ ಕೆಳಗಿರುತ್ತದೆ. ತಬಲಾದವರು ಗಟ್ಟಾ (ಬದಿಯ ಮರದ ತುಂಡು) ಬಡಿದು, ಗಜರಾದ (ಅಂಚಿನ ಹೆಣೆದ ಚರ್ಮದ) ಮೇಲೆ ಸುತ್ತಿಗೆ ತಟ್ಟಿ ಏರಿಸುತ್ತಲೇ ಇರಬೇಕಾಗುತ್ತದೆ. ಒಂದೇ ಶ್ರುತಿಯ ಎರಡು ತಬಲಾ ತಂದವರಿದ್ದರೆ ಬಡಾ ಖ್ಯಾಲ್ ಮುಗಿದು ವೇಗದ ಛೋಟಾ ಖ್ಯಾಲ್‌ಗೆ ಹೋಗುವಾಗ ಬದಲಿಸಿಕೊಳ್ಳುತ್ತಾರೆ, ಅದೇ ಚೆಂದ. ತಂಬೂರಿಗೂ ಕಷ್ಟ ತಪ್ಪಿದ್ದಲ್ಲ. ಮೀರಜ್‌ನಿಂದ ತಂದ ಒಳ್ಳೆಯ ತಂಬೂರಿಯೂ ಜೀಪಿನಲ್ಲಿ ಕುಲುಕಿ ಬಂದರೆ ಕುದುರೆಯ (ತಂತಿಗಳು ಹಾಯುವ ಪಟ್ಟಿಯ) ಮೇಲಿನ ಜವಾರಿಯ ದಾರ ಜರುಗಿರುತ್ತದೆ. ಮತ್ತೆ ಕೂರಿಸಲು ಹೊತ್ತು ಬೇಕು. ಶುರುವಾಗುವ ಮುಕ್ಕಾಲು ಗಂಟೆ ಮೊದಲೇ ವಾದ್ಯಗಳು ಹಾಡುವ ಜಾಗದಲ್ಲೇ ಇರುವಂತೆ ನೋಡಿಕೊಂಡರೆ ಸಮಾರಂಭದ ನಡುವೆ ಹತ್ತು ಹತ್ತು ನಿಮಿಷ ಶ್ರುತಿ ಮಾಡುವುದು ತಪ್ಪುತ್ತದೆ. ಕಷಾಯ, ಕವಳದ ತಟ್ಟೆ ಎರಡು ರಾಗಗಳ ನಡುವೆ ಮಾತ್ರ ಸುತ್ತಲಿ. ಸ್ಟೀಲು ಲೋಟದ ಸದ್ದು ಜಗಲಿಯಲ್ಲಿ ತಾರ ಷಡ್ಜಕ್ಕಿಂತ ಚೆನ್ನಾಗಿ ಹರಡುತ್ತದೆ. ಭಾರೀ ಮಳೆ ಹೊಡೆದರೆ ಹಂಚಿನಡಿಯಲ್ಲೂ ಸುಮ್ಮನೆ ಕಾಯಬೇಕಷ್ಟೇ. ತಗಡಿನ ಮಾಡಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಹೋಗಲೇಬೇಡಿ.

ಚಂದ್ರಶಾಲೆಯ ಲೆಕ್ಕ ಬೇರೆ. ಕಲ್ಲಿನ ನೆಲ, ಕಂಬಗಳು, ಮೂರು ಬದಿಗೆ ತೆರೆದ ಪೌಳಿ. ದನಿ ಕಂಬಗಳಿಗೆ ಬಡಿದು ಚದುರುತ್ತದೆ, ಇದು ಒಳ್ಳೆಯದೇ. ಆದರೆ ಕೆಳಸ್ವರಗಳು ತೆರೆದ ಬದಿಯಿಂದ ಹೊರಗೆ ಹೋಗಿಬಿಡುತ್ತವೆ. ಅದನ್ನು ತುಂಬಲು ದೇವಸ್ಥಾನದ ಕಂಬಕ್ಕೆ ಕಟ್ಟಿರುವ ಹಾರ್ನ್ ಸ್ಪೀಕರಿಗೇ ಮೈಕ್ ಜೋಡಿಸುವ ರೂಢಿ ಹಲವೆಡೆ ಇದೆ. ತಪ್ಪಾಗುವುದು ಅಲ್ಲಿಯೇ. ಗಂಡುದನಿಯ ಕಪ್ಪು ಒಂದು ಶ್ರುತಿಯಲ್ಲಿ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ಖರ್ಜದ ತಂತಿ 69. ಹಾರ್ನ್ ಸ್ಪೀಕರು ಮುನ್ನೂರು ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ. ಆದ್ದರಿಂದ ಖರ್ಜ ಇಲ್ಲವಾಗುತ್ತದೆ, ಡಗ್ಗಾದ (ತಬಲಾದ ಜೊತೆಯ ಎಡಗೈ ವಾದ್ಯದ) ಗುಂಕಾರ ಹೋಗಿ ಬರೀ ಟಕ್ ಟಕ್ ಉಳಿಯುತ್ತದೆ, ದನಿ ಮೂಗಿನಿಂದ ಬಂದಂತಿರುತ್ತದೆ. ಮಂತ್ರ, ಪ್ರಕಟಣೆ ದೂರಕ್ಕೆ ಮುಟ್ಟಿಸಲು ಮಾಡಿದ ಸ್ಪೀಕರಿನಿಂದ ಖ್ಯಾಲ್ ಕೇಳಿಸಲಾಗದು. ಹಾರ್ನ್ ಕಳಚಿಸಿ, 12 ಅಥವಾ 15 ಇಂಚಿನ ಎರಡು ಬಾಕ್ಸ್ ಸ್ಪೀಕರು ನೆಲದಿಂದ ಐದಾರು ಅಡಿ ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ಅದೇ ಚಂದ್ರಶಾಲೆ ಬೇರೆಯೇ ಆಗುತ್ತದೆ.

ಇನ್ನೊಂದು ವಿಷಯ ಪೂಜೆಯ ಹೊತ್ತು. ಮಂಗಳಾರತಿಗೆ ವಿದ್ಯುತ್ ನಗಾರಿ–ಗಂಟೆ ಶುರುವಾದರೆ ಯಾವ ಸಂಗೀತವೂ ಅದರೆದುರು ನಿಲ್ಲದು. ಮಹಾಮಂಗಳಾರತಿ ಆದಮೇಲೆ ಶುರು ಮಾಡುವ ದೇವಸ್ಥಾನವನ್ನೇ ನಂಬಿ. ಆದರೂ ಇಲ್ಲಿ ಪೂರ್ಣ ಖ್ಯಾಲ್‌ಗಿಂತ ದಾಸರ ಪದ, ಅಭಂಗ, ಭಜನೆಯೇ ಹೊಂದುತ್ತದೆ. ಜನ ಪ್ರದಕ್ಷಿಣೆ ಬರುತ್ತಾರೆ, ಪ್ರಸಾದ ತೆಗೆದುಕೊಂಡು ಹೋಗುತ್ತಾರೆ. ಎಂಟು ನಿಮಿಷದ ಪದಕ್ಕೆ ಅದು ತೊಂದರೆಯಲ್ಲ, ಒಂದು ಗಂಟೆಯ ರಾಗಕ್ಕೆ ತೊಂದರೆ. ನವರಾತ್ರಿಯಲ್ಲಿ ಹೊಸಬರ ಗಾಯನ ಕೇಳಲು ಮಾತ್ರ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. (ತಾಳಮದ್ದಳೆಗೆ ಚಂದ್ರಶಾಲೆ ಹೇಳಿ ಮಾಡಿಸಿದ್ದು. ಅರ್ಥ ಹೇಳುವವರ ಮಾತಿಗೆ ಬೇಕಾದ್ದು ಸ್ಪಷ್ಟತೆ. ಕೆಳಸ್ವರ ಸೋರಿಹೋದಷ್ಟೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.)

ಸಭಾಭವನಕ್ಕೆ ಬಂದರೆ ಕುರ್ಚಿ, ವಾಹನ ನಿಲ್ಲಿಸಲು ಜಾಗ, ಮಳೆಯ ಭಯವಿಲ್ಲ, ವಯಸ್ಸಾದವರಿಗೆ ನೆಲದ ಮೇಲೆ ಕೂರುವ ಕಷ್ಟವಿಲ್ಲ. ಇವೆಲ್ಲ ಸಣ್ಣ ಸೌಲಭ್ಯಗಳಲ್ಲ. ಆದರೆ ಮದುವೆಗೆಂದು ಕಟ್ಟಿದ ಸಭಾಭವನದ ನುಣುಪು ಟೈಲ್ಸ್, ಬೋಳು ಸಿಮೆಂಟ್ ಗೋಡೆ, ಎತ್ತರದ ಸ್ಲ್ಯಾಬು ಗಾಯನಕ್ಕೆ ವೈರಿಗಳು. ಒಂದು ಲೆಕ್ಕ ನೋಡಿ. 20 ಮೀಟರ್ ಉದ್ದದ ಹಾಲಿನಲ್ಲಿ ಮುಂದೆ ಕೂತವರಿಗೆ ಹಿಂದಿನ ಗೋಡೆಯಿಂದ ದನಿ ಮರಳಲು ಹೋಗಿಬರುವ 40 ಮೀಟರ್ ದಾರಿ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ, ಅಂದರೆ 0.116 ಸೆಕೆಂಡ್. ಸೆಕೆಂಡಿಗೆ ಎಂಟು ಸ್ವರದ ತಾನ್‌ನಲ್ಲಿ (ವೇಗದ ಸ್ವರಸರಣಿಯಲ್ಲಿ) ಒಂದು ಸ್ವರಕ್ಕೆ ಸಿಗುವುದು 0.125 ಸೆಕೆಂಡ್. ಹೀಗಾಗಿ ಮರಳಿದ ಸ್ವರ ಹೆಚ್ಚುಕಡಿಮೆ ಮುಂದಿನ ಸ್ವರದ ಮೇಲೆಯೇ ಬಂದು ಬೀಳುತ್ತದೆ. ದ್ರುತ್‌ನಲ್ಲಿ, ಅಂದರೆ ವೇಗದ ಲಯದಲ್ಲಿ, ತಾನ್ ಕಲಸಿದಂತೆ ಕೇಳುವುದಕ್ಕೆ ಬಹಳ ಸಲ ಗಾಯಕರ ಗಂಟಲು ಕಾರಣವಲ್ಲ, ಹಿಂದಿನ ಗೋಡೆ ಕಾರಣ. ಆ ಗೋಡೆಗೆ ದಪ್ಪ ಜಮಖಾನ ಅಥವಾ ನೆರಿಗೆ ಬಿಟ್ಟ ಪರದೆ ಕಟ್ಟಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಜಗಲಿಯಲ್ಲಿ ಗಾಯಕರ ಹಿಂದೆ ಬೇಡವೆಂದ ಪರದೆ ಇಲ್ಲಿ ಕೇಳುಗರ ಹಿಂದೆ ಬೇಕೇ ಬೇಕು. ಹಾಲು ತುಂಬಿದಷ್ಟೂ ಒಳ್ಳೆಯದು, ಜನರೂ ಶಬ್ದ ಹೀರುತ್ತಾರೆ. ಇನ್ನೂರು ಕುರ್ಚಿಯಲ್ಲಿ ನಲವತ್ತು ಜನ ಅಲ್ಲಲ್ಲಿ ಚದುರಿ ಕೂತ ದಿನ ಅತಿ ಕೆಟ್ಟದಾಗಿ ಕೇಳುತ್ತದೆ.

ಮೈಕಿನ ವಿಚಾರದಲ್ಲಿ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ತೆರೆದಿಟ್ಟ ಮೈಕುಗಳ ಸಂಖ್ಯೆ ದುಪ್ಪಟ್ಟಾದರೆ ಕುಯ್ ಎನ್ನದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಗಾಗಿ ನಾಲ್ಕು ಮೈಕ್ ಸಾಕು: ಗಾಯಕರಿಗೆ ಒಂದು, ಬಾಯಿಯಿಂದ 20–25 ಸೆಂಟಿಮೀಟರ್ ದೂರದಲ್ಲಿ, ತಬಲಾ–ಡಗ್ಗಾ ಎರಡಕ್ಕೂ ಸೇರಿ ಒಂದು, ಒಂದು ಗೇಣು ಮೇಲೆ, ತಂಬೂರಿಗೆ ಒಂದು, ಕುದುರೆಯ ಹತ್ತಿರ, ಹಾರ್ಮೋನಿಯಂಗೆ ಒಂದು, ಅದನ್ನು ಎಲ್ಲಕ್ಕಿಂತ ಕೆಳಗಿಡಿ, ಎಷ್ಟೋ ಸಲ ಬಂದ್ ಮಾಡಿದರೂ ನಡೆಯುತ್ತದೆ. ಮೈಕಿನವರು ಮೊದಲು ದನಿ, ಆಮೇಲೆ ತಬಲಾ, ಕೊನೆಗೆ ಉಳಿದ ಜಾಗದಲ್ಲಿ ತಂಬೂರಿ ಸೇರಿಸುತ್ತಾರೆ. ತಿರುಗಿಸಿ ಮಾಡಿಸಿ. ಮೊದಲು ತಂಬೂರಿಯನ್ನಷ್ಟೇ ಬಿಟ್ಟು ಕೊನೆಯ ಸಾಲಿನವರೆಗೆ ನಡೆದು ಕೇಳಿ, ಅದರ ಮೇಲೆ ದನಿ, ಆಮೇಲೆ ತಬಲಾ. ಮಾನಿಟರ್ (ಗಾಯಕರಿಗೆ ತಮ್ಮ ದನಿ ಕೇಳಿಸುವ ಸ್ಪೀಕರು) ಗಾಯಕರ ಮೈಕಿನ ಬೆನ್ನ ಹಿಂದೆ ಬರಬೇಕು, ಪಕ್ಕಕ್ಕಲ್ಲ. ಮಿಕ್ಸರಿನ ಎಕೋ ಪೂರ್ತಿ ಬಂದ್. ಆರ್ಕೆಸ್ಟ್ರಾ ಹಾಡಿಗೆ ರೂಢಿಯಾದ ಕೈ ತಾನಾಗಿಯೇ ಆ ಗುಂಡಿಗೆ ಹೋಗುತ್ತದೆ, ವಿನಯದಿಂದ ಆದರೆ ಗಟ್ಟಿಯಾಗಿ ಹೇಳಬೇಕು: ಹಾಲಿನಲ್ಲಿ ಎಕೋ ಈಗಾಗಲೇ ಇದೆ ಅಣ್ಣ, ಇನ್ನು ಬೇಡ.

ತಂಬೂರಿ ಮೈಕ್ ಕೂಗುತ್ತಲೇ ಇದ್ದರೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಅಥವಾ ಫೋನಿನ ತಂಬೂರಿ ಆ್ಯಪನ್ನು ವೈರ್ ಮೂಲಕ ನೇರ ಮಿಕ್ಸರಿಗೆ ಕೊಡಿ. ಮೈಕೇ ಇಲ್ಲದ ಮೇಲೆ ಕೂಗುವ ಪ್ರಶ್ನೆಯಿಲ್ಲ. ಇದನ್ನು ಒಪ್ಪದ ರಸಿಕರು ಬಹಳ. ಆದರೆ ವೇದಿಕೆಯ ಮೇಲೆ ಬರೀ ಕಾಣುವ ಎರಡು ತಂಬೂರಿಗಿಂತ ಕೊನೆಯ ಸಾಲಿಗೂ ಕೇಳುವ ಒಂದು ಯಂತ್ರವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೀಲಿಂಗ್ ಫ್ಯಾನಿನ ಸಮಸ್ಯೆ ಕುಮಟಾ, ಹೊನ್ನಾವರದಲ್ಲಿ ನಿಜವಾಗಿಯೂ ಕಠಿಣ. ಏಪ್ರಿಲ್ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರಲಾಗದು, ಐದರಲ್ಲಿಟ್ಟರೆ ಖರ್ಜ ಇಲ್ಲ. ವೇದಿಕೆಯ ಮೇಲಿನದನ್ನು ಬಂದ್ ಮಾಡಿ, ಕೇಳುಗರ ಮೇಲಿನದನ್ನು ಎರಡಕ್ಕೆ ಇಳಿಸುವುದೇ ದಾರಿ. ಎಸಿ ಹಾಲಿನಲ್ಲಿ ತೊಂದರೆ ತಿರುಗುಮುರುಗು: ಹೊರಗಿನ ತೇವದಿಂದ ಬಂದ ತಬಲಾ ಒಳಗೆ ಒಣಗುತ್ತ ಏರುತ್ತದೆ, ತಣಿದ ತಂತಿಯೂ ಬಿಗಿಯಾಗಿ ಏರುತ್ತದೆ.

ಇನ್ನು ರಾಗದ ಹೊತ್ತು. ಸಭಾಭವನದ ಕಾರ್ಯಕ್ರಮ ಸಂಜೆ ಆರರಿಂದ ಒಂಬತ್ತೂವರೆ ಎಂದಿಟ್ಟುಕೊಂಡರೆ ವರ್ಷವಿಡೀ ಕೇಳಿದರೂ ಪೂರಿಯಾ ಧನಾಶ್ರೀ, ಯಮನ್, ಬಿಹಾಗ್, ಬಾಗೇಶ್ರೀಗಳ ಸುತ್ತಲೇ ಸುತ್ತುತ್ತೀರಿ. ದೇವಸ್ಥಾನದ ಬಯಲಿನಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಡೆ. 2000ದ ಶಬ್ದಮಾಲಿನ್ಯ ನಿಯಮವದು, ಸರ್ಕಾರ ಕೊಡುವ ಕೆಲವೇ ದಿನಗಳ ವಿನಾಯಿತಿ ಬಿಟ್ಟರೆ. ಮೈಕೇ ಇಲ್ಲದ ಜಗಲಿಯಲ್ಲಿ ಗಾಯನ ರಾತ್ರಿಯಿಡೀ ನಡೆಯುತ್ತದೆ. ಮಾಲಕೌನ್ಸ್, ದರ್ಬಾರಿ ತಮ್ಮ ಹೊತ್ತಿಗೇ ಸಿಗುವುದು, ಬೆಳಗಿನ ಜಾವ ಲಲಿತ್, ಹೊತ್ತು ಮೂಡುವಾಗ ಭೈರವ್, ಬಿಸಿಲೇರಿದಂತೆ ತೋಡಿ ಕೇಳಲಾಗುವುದು ಅಹೋರಾತ್ರಿ ಬೈಠಕ್‌ನಲ್ಲಿ. ನಾಲ್ಕು ಗಂಟೆಯ ತಂಪಿಗೆ ಜೀರುಂಡೆಯೂ ತಗ್ಗಿರುತ್ತದೆ, ಕೇಳುಗರು ಹದಿನೈದಿಪ್ಪತ್ತಕ್ಕೆ ಇಳಿದಿರುತ್ತಾರೆ. ಲಲಿತ್‌ನ ಎರಡು ಮಧ್ಯಮಗಳು ಒಂದರ ಪಕ್ಕ ಒಂದು ಬಂದು ನಿಲ್ಲುವುದನ್ನು ಇಷ್ಟು ಬಿಡಿಸಿ ಕೇಳಲು ಬೇರೆಲ್ಲೂ ಆಗದು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದ ವೇದಿಕೆ ಸುಗಮ ಸಂಗೀತಕ್ಕೆ, ವಾದ್ಯಮೇಳಕ್ಕೆ ಸರಿ. ಒಂದು ಕಡೆ ಅಲೆ, ಇನ್ನೊಂದು ಕಡೆ ಹೆದ್ದಾರಿ 66ರ ಲಾರಿಗಳು. ಸಂಜೆ ಕಡಲಿನಿಂದ ಬೀಸುವ ಗಾಳಿ ಮೈಕಿಗೆ ನೇರ ಹೊಡೆಯುತ್ತದೆ, ಫೋಮ್ ಟೊಪ್ಪಿ ಹಾಕಿದರೂ ಗೊರಗೊರ ಪೂರ್ತಿ ಹೋಗುವುದಿಲ್ಲ. ಖ್ಯಾಲ್ ಕೇಳಲು ಅಲ್ಲಿಗೆ ಹೋಗಬೇಡಿ.

ಹೊರಡುವ ಮೊದಲು ಸಂಘಟಕರಿಗೆ ಫೋನ್ ಮಾಡಿ ಮೂರು ಮಾತು ಕೇಳಿ: ಒಬ್ಬರ ಗಾಯನಕ್ಕೆ ಎಷ್ಟು ಹೊತ್ತು, ತಂಬೂರಿ ನುಡಿಸಲು ಯಾರಿದ್ದಾರೆ, ಸನ್ಮಾನ–ಭಾಷಣ ಮೊದಲೋ ನಡುವೆಯೋ. ಒಬ್ಬರಿಗೆ ಮುಕ್ಕಾಲು ಗಂಟೆಗಿಂತ ಕಡಿಮೆ ಎಂದರೆ ಬಡಾ ಖ್ಯಾಲ್ ಅರಳುವಷ್ಟರಲ್ಲಿ ಮುಗಿಸಬೇಕಾಗುತ್ತದೆ. ಸನ್ಮಾನ ನಡುವೆ ಎಂದರೆ ಅಷ್ಟರೊಳಗೆ ತಬಲಾ ಇಳಿದಿರುತ್ತದೆ, ಎರಡನೆಯ ಭಾಗ ಮತ್ತೆ ಸುತ್ತಿಗೆಯಿಂದಲೇ ಶುರು. ಜಗಲಿ ಬೈಠಕ್ ಆದರೆ ಇನ್ನೊಂದನ್ನೂ ಕೇಳಿಕೊಳ್ಳಿ: ಎಷ್ಟು ಜನರಿಗೆ ಹೇಳಿದ್ದೀರಿ. ನಲವತ್ತು ಎಂದರೆ ಅರ್ಧ ಗಂಟೆ ಮೊದಲೇ ಹೋಗಿ ಎರಡನೇ ಸಾಲಿನಲ್ಲಿ ಕೂತುಬಿಡಿ, ಶ್ರುತಿ ಮಾಡುವುದನ್ನೂ ಕೇಳಿದ ಹಾಗಾಗುತ್ತದೆ.